ಹಾಲು ಒಲ್ಲದವಳ ನಾಷ್ಟಾ

ಕಳೆದ ತಿಂಗಳು ಅವ್ವನ ಕಣ್ಣು ತೋರಿಸಲು ವಿಜಯಪುರದಿಂದ ಸೊಲ್ಲಾಪುರಕ್ಕೆ ಹೊರಟಿದ್ದೆವು. ಝಳಕಿಯಲ್ಲಿ ಹೆದ್ದಾರಿಯ ಬದಿಗೆ ಹೊಸದಾಗಿ ಎದ್ದ ಹೋಟೆಲೊಂದರ ಮುಂದೆ ಕಾರಿನವನು ನಿಲ್ಲಿಸಿದ. ಇಳಿಯುತ್ತಿದ್ದ ಹಾಗೆಯೇ ಗುರೆಳ್ಳು ಹುರಿಯುವ ವಾಸನೆ ಮೂಗಿಗೆ ಬಡಿಯಿತು. ಒಳಗೆ ಗೋಡೆಯ ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ವೀಗನ್ ನಾಷ್ಟಾ’. ಏನಪ್ಪಾ ಅದು ಎಂದು ನೋಡಿದರೆ ಜೋಳದ ರೊಟ್ಟಿ, ಹಿಂಡಿ ಎನ್ನುವ ಗುರೆಳ್ಳಿನ ಚಟ್ನಿಪುಡಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ.

“ಇದರಾಗ ಹಾಲು, ಮೊಸರು, ತುಪ್ಪ ಏನೂ ಇರಂಗಿಲ್ರಿ ಮೇಡಂ” ಎಂದ ಬಡಿಸುವವನು, ನನಗೆ ತಿಳಿಯದ ಸಂಗತಿಯೊಂದನ್ನು ತಿಳಿಸುವ ಸಡಗರದಿಂದ. “ಪುಣೆ ಮಂದಿ ಇದನ್ನ ಕೇಳಿಕೊಂಡ ಬರ್ತಾರ. ಈಗ ಭಾಳ ಫ್ಯಾಷನ್ ಐತ್ರಿ ಇದು.”

ಅವ್ವ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಇಬ್ಬರಲ್ಲಿ ಒಬ್ಬರು ಅಲ್ಲೇ ಜಗಳ ತೆಗೆಯುತ್ತಿದ್ದೆವು.

ಫ್ಯಾಷನ್ನಂತೆ! ಇದೇ ರೊಟ್ಟಿ, ಇದೇ ಹಿಂಡಿ ತಿಂದು, ಹಾಲು ಮಾತ್ರ ಒಲ್ಲೆ ಎಂದದ್ದಕ್ಕೆ ಒಂದು ಚಳಿಗಾಲದಲ್ಲಿ ನನ್ನ ನೌಕರಿ ಹೋಗಿತ್ತು. ನೌಕರಿ ಹೋದದ್ದು ಹೇಗೋ ತಡೆದುಕೊಂಡೆ. ಅದರ ಜೊತೆಗೆ ಹೋದ ಇನ್ನೊಂದು ಇದೆ, ಅದನ್ನು ಇವತ್ತಿಗೂ ತಡೆದುಕೊಳ್ಳಲಾಗಿಲ್ಲ. ನನ್ನ ಮಾತನ್ನು ಯಾರೂ ನಂಬದ ಹಾಗೆ ಮಾಡಿಬಿಟ್ಟರು.

ಆಗ ನಾನು ಒಂದು ಖಾಸಗಿ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಡೈರಿಯ ಹೆಸರು ಬರೆಯುವುದಿಲ್ಲ, ಬರೆದರೆ ಇನ್ನೊಂದು ರಗಳೆ. ಮುಳವಾಡದ ಕಡೆಯಿಂದ ಕಾಲುವೆ ನೀರು ಬಂದ ಮೇಲೆ ನಮ್ಮ ಸೀಮೆಗೆ ಹಸಿ ಮೇವು ಬಂತು, ಮೇವಿನ ಹಿಂದೆ ಎಮ್ಮೆಗಳು, ಎಮ್ಮೆಗಳ ಹಿಂದೆ ಈ ಡೈರಿ. ಹಳ್ಳಿಗಳಲ್ಲಿ ಡೈರಿಯ ಹಾಲಿನ ಕೇಂದ್ರಗಳಿದ್ದವು. ಸಂಜೆಗೊಮ್ಮೆ, ಬೆಳಗ್ಗೆಗೊಮ್ಮೆ ಊರಿನವರು ತಂದು ಸುರಿದ ಹಾಲು ಕ್ಯಾನುಗಳಿಗೆ ಸೇರುತ್ತಿತ್ತು. ಗಾಡಿ ಬಂದು ಒಯ್ಯುವ ಮುಂಚೆ ನಾನು ಹೋಗಿ ಪರೀಕ್ಷಿಸಬೇಕು. ಒಂದು ದಿನ ಇಂಡಿ ಕಡೆಗೆ, ಇನ್ನೊಂದು ದಿನ ಸಿಂದಗಿ ಕಡೆಗೆ, ಮತ್ತೊಂದು ದಿನ ಮುದ್ದೇಬಿಹಾಳ, ಮತ್ತೊಂದು ದಿನ ಬಸವನ ಬಾಗೇವಾಡಿ. ಆ ಹಾಲೇ ಪಾಕೀಟಾಗಿ ಮತ್ತೆ ಇದೇ ಊರುಗಳ ಅಂಗಡಿಗಳಿಗೆ ಬರುತ್ತಿತ್ತು. ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ನಾನು ಮತ್ತು ಅವ್ವ, ದುಡಿಯುವವಳು ನಾನೊಬ್ಬಳೇ. ಸದ್ಯಕ್ಕೆ ತಾತ್ಕಾಲಿಕ, ಯುಗಾದಿಗೆ ಕಾಯಂ ಮಾಡುತ್ತೇವೆ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಅವ್ವ ಆ ಯುಗಾದಿಗಾಗಿ ದೇವರಿಗೆ ಏನೇನೋ ಹರಕೆ ಹೊತ್ತಿದ್ದಳು.

ಹಾಲಿನ ಕೆಲಸದವಳು ಹಾಲು ಬಿಟ್ಟದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಆ ಕೆಲಸದಿಂದಲೇ ಬಿಟ್ಟೆ. ಸೇರಿದ ಹೊಸತರಲ್ಲಿ ಇಂಡಿ ತಾಲೂಕಿನ ಒಂದು ತೋಟದ ಮನೆಯಲ್ಲಿ ಎಮ್ಮೆ ಹಿಂಡುವುದನ್ನು ನೋಡುತ್ತ ನಿಂತಿದ್ದೆ. ಎಮ್ಮೆ ತನ್ನ ಕರುವನ್ನು ಒಂದೇ ಸವನೆ ನೆಕ್ಕುತ್ತಿತ್ತು, ಕರು ಮಾತ್ರ ಅಲುಗಾಡುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಅದು ಸತ್ತ ಕರುವಿನ ಚರ್ಮದೊಳಗೆ ಹೊಟ್ಟು ತುಂಬಿ ಹೊಲಿದ ಗೊಂಬೆ. ಗಂಡು ಕರು, ಅದಕ್ಕೆ ಹಾಲು ಬಿಟ್ಟು ಏನು ಮಾಡುವುದೆಂದು ಬಿಡಲಿಲ್ಲವಂತೆ, ಸೊರಗಿ ಸತ್ತಿತಂತೆ. ಎಮ್ಮೆಗೆ ಅದೇನು ಗೊತ್ತು? ನೆಕ್ಕುತ್ತ ನೆಕ್ಕುತ್ತ ಹಾಲು ಇಳಿಸುತ್ತಿತ್ತು. ಮನೆಯಾಕೆ ಒಳ್ಳೆಯ ಹೆಂಗಸು, ಅದೇ ಹಾಲಿನಲ್ಲಿ ಏಲಕ್ಕಿ ಹಾಕಿ ಚಹಾ ಮಾಡಿ ತಂದುಕೊಟ್ಟಳು. ಕುಡಿದೆ. ಅದೇ ಕೊನೆ. ಮರುದಿನದಿಂದ ಹಾಲು, ಮೊಸರು, ತುಪ್ಪ ಯಾವುದೂ ಗಂಟಲಿನಲ್ಲಿ ಇಳಿಯಲಿಲ್ಲ.

ಇದನ್ನು ನಾನು ಯಾರಿಗೂ ಸಾರಲಿಲ್ಲ. ನೀವೂ ಬಿಡಿ ಎಂದು ಯಾರಿಗೂ ಹೇಳಲಿಲ್ಲ. ಕುಡಿಯುವವರಿಗೆ ಒಳ್ಳೆಯ ಹಾಲು ಸಿಗುವಂತೆ ನೋಡಿಕೊಳ್ಳುವುದು ನನ್ನ ಕೆಲಸ, ನಾನು ಕುಡಿಯದಿರುವುದು ನನ್ನ ಹೊಟ್ಟೆಯ ವಿಷಯ. ಇಷ್ಟು ಸರಳ ಮಾತು ಜನರ ತಲೆಗೆ ಯಾಕೆ ಹೋಗುವುದಿಲ್ಲವೋ ನನಗೆ ತಿಳಿಯದು. ಮನೆಯಲ್ಲೇ ಹೋಗಲಿಲ್ಲ. ನಮ್ಮದು ವೈಷ್ಣವರ ಮನೆ. ಪೂಜೆ ಮುಗಿದರೆ ಪಂಚಾಮೃತ, ಏಕಾದಶಿಗೆ ಹಾಲು ಹಣ್ಣು. “ದೇವರಿಗೆ ನಡೀತದ, ನಿನಗ ನಡೆಯಂಗಿಲ್ಲ? ದೇವರಗಿಂತ ದೊಡ್ಡಾಕಿ ಆದೇನು?” ಎಂದು ಅವ್ವ ವಾರಗಟ್ಟಲೆ ಮುಖ ಊದಿಸಿಕೊಂಡಳು. ಕೊನೆಗೆ ಸೋತು, ನನಗೆಂದು ಒಗ್ಗರಣೆಯ ಸೌಟನ್ನೇ ಬೇರೆ ಇಟ್ಟಳು.

ಆದರೆ ನಾನು ಬೆಳಗಿನ ಹೊತ್ತು ಮನೆಯಲ್ಲಿರುತ್ತಿದ್ದುದೇ ಅಪರೂಪ. ಮೊದಲ ಬಸ್ಸು ಹತ್ತಿ ಹೋಗಬೇಕು, ಕೇಂದ್ರಗಳ ಕೆಲಸ ಮುಗಿಸುವಷ್ಟರಲ್ಲಿ ಬಿಸಿಲು ಏರಿ ಹೊಟ್ಟೆ ಚುರುಗುಟ್ಟುತ್ತಿತ್ತು. ತೊಗರಿ ಕಟಾವಿನ ದಿನಗಳು. ರಸ್ತೆಯ ಎರಡೂ ಬದಿ ಹಿಂಗಾರಿ ಜೋಳ ನಿಂತಿರುತ್ತಿತ್ತು, ಬಸ್ಸಿನ ಕಿಟಕಿಯ ಸಂದಿಯಿಂದ ಬರುವ ಗಾಳಿಗೆ ಕಿವಿ ಮರಗಟ್ಟುತ್ತಿತ್ತು. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡರೆ ಬಸ್ಸು ತೆವಳುತ್ತ ಹೋಗುತ್ತಿತ್ತು. ಅಂಥ ಚಳಿಯಲ್ಲಿ ಬಸ್ ಸ್ಟ್ಯಾಂಡಿಗೆ ಬಂದು ಇಳಿದರೆ ಬೇಕಾಗುವುದು ಒಂದು ಬಿಸಿ ಚಹಾ, ನಾಲ್ಕು ತುತ್ತು ನಾಷ್ಟಾ. ಅಷ್ಟಕ್ಕೇ ನಾನು ದಿನಾ ಪಂಚಾಯ್ತಿ ಮಾಡಬೇಕಾಗಿತ್ತು.

ಇಂಡಿಯ ಹೋಟೆಲಿನವನು ಪರವಾಗಿಲ್ಲ. ಸುಸಲಾ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ, ಇನ್ನರ್ಧ ಬದಿಗಿಟ್ಟು ಕೊಡುತ್ತಿದ್ದ. ನೆನೆಸಿದ ಚುರುಮುರಿಯ ಒಗ್ಗರಣೆಯಲ್ಲಿ ಹಾಲಿನ ಸುದ್ದಿಯೇ ಇಲ್ಲ, ಹಾಗಾಗಿ ಜಗಳವೂ ಇಲ್ಲ. ಚಹಾದ ಹೊತ್ತಿಗೆ ಮಾತ್ರ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. “ಹಾಲಿಲ್ಲದ ಚಾ ಸೂತಕದ ಮನ್ಯಾಗ ಕುಡೀತಾರ್ರಿ ಮೇಡಂ. ಮುಂಜಾನೆದ್ದು ನನ್ನ ಅಂಗಡ್ಯಾಗ ಯಾಕ ಕೇಳ್ತೀರಿ?” ಎನ್ನುತ್ತಲೇ ಕರಿ ಚಹಾ ತಂದಿಡುತ್ತಿದ್ದ. ಬಸವನ ಬಾಗೇವಾಡಿಯ ಹೋಟೆಲಿನ ಯಜಮಾನರು ಉಪ್ಪಿಟ್ಟಿನ ಮೇಲೆ ತುಪ್ಪ ಸುರಿದೇ ತರುತ್ತಿದ್ದರು, ಬೇಡವೆಂದರೆ ನೊಂದುಕೊಳ್ಳುತ್ತಿದ್ದರು. “ಬಸವಣ್ಣನ ಊರಾಗ ಕುಂತು ಆಕಳ ತುಪ್ಪಕ್ಕ ಒಲ್ಲೆ ಅಂದ್ರ ಹೆಂಗ್ರಿ ತಂಗಿ?” ಇನ್ನೊಂದು ಪ್ಲೇಟು ಹೇಳುತ್ತಿದ್ದೆ, ಮೊದಲಿನದನ್ನು ಅವರೇ ಎದುರಿಗೆ ಕೂತು ತಿನ್ನುತ್ತಿದ್ದರು. ಮುದ್ದೇಬಿಹಾಳದಲ್ಲಿ ಮಿರ್ಚಿ ಭಜಿ, ಚುರುಮುರಿ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೆ “ಒಂದಿಷ್ಟು ಮೊಸರು ಹಾಕಿಕೊಳ್ರಿ, ಹಟ ಯಾಕ” ಎಂದು ಪಕ್ಕದ ಮೇಜಿನವರೂ ಬುದ್ಧಿ ಹೇಳುತ್ತಿದ್ದರು.

ಹೊಟ್ಟೆ ತುಂಬ ಉಂಡದ್ದೆಂದರೆ ಸಿಂದಗಿಯಲ್ಲಿ, ನೀಲವ್ವನ ಖಾನಾವಳಿಯಲ್ಲಿ. ಬಸ್ ಸ್ಟ್ಯಾಂಡಿಗೆ ಹತ್ತಿರದ ಸಣ್ಣ ಓಣಿಯಲ್ಲಿ ತಗಡಿನ ಮನೆ, ಮುಂದೆ ಎರಡು ಬೆಂಚು. ಕಲಬುರಗಿ ಬಸ್ಸಿಗೆ ಹೋಗುವವರು ಬೆಳಗ್ಗೆಯೇ ರೊಟ್ಟಿ ಉಂಡು ಹೋಗುತ್ತಿದ್ದರು. ನೀಲವ್ವ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಕುರಿ ಕಾಯುವವರ ಮನೆಯಿಂದ ಬಂದವಳು, ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಮೊದಲ ದಿನ ತಾಟಿನಲ್ಲಿ ಮೊಸರಿನ ವಾಟಗ ಇಟ್ಟಳು, ಬೇಡವೆಂದೆ. ತುಪ್ಪ ತಂದಳು, ಬೇಡವೆಂದೆ. ಅವಳ ಮುಖ ಕಪ್ಪಾಯಿತು.

“ನಾವು ಮುಟ್ಟಿದ್ದು ನಿಮಗ ನಡೆಯಂಗಿಲ್ಲೇನ್ರಿ ಬಾಯಾರ?”

“ರೊಟ್ಟಿ ಬಡದಾಕಿ ಯಾರ್ರಿ? ನೀವಲ್ಲೇನು? ಅದನ್ನ ತಿನ್ನಾಕತ್ತಿಲ್ಲೇನು ನಾನು?” ಎಂದೆ.

ಅವಳು ನನ್ನ ತಾಟು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಓಣಿಗೆಲ್ಲ ಕೇಳುವಂತೆ ನಕ್ಕಳು. ಅವತ್ತಿನಿಂದ ನಾನು ಅವಳ ಮನೆಯವಳಾದೆ. ನಾನು ಬರುವ ದಿನ ನನಗೆಂದು ಎಣ್ಣೆಯಲ್ಲಿ ಬೇರೆ ಒಗ್ಗರಣೆ. ಬದನೆಕಾಯಿ ಎಣಗಾಯಿ, ಪುಂಡಿ ಪಲ್ಯ, ಜುಣಕ, ಶೇಂಗಾ ಹಿಂಡಿ, ಬೇಯಿಸಿದ ಹಸಿ ತೊಗರಿಕಾಯಿ. ಒಲೆಯಿಂದ ಇಳಿದ ರೊಟ್ಟಿ ನೇರ ನನ್ನ ತಾಟಿಗೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದ ಮರುದಿನ ನನಗಾಗಿ ಗಂಟು ಕಟ್ಟಿ ಇಟ್ಟಿದ್ದಳು. “ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಅದಾವ. ಬೆಲ್ಲ, ಶೇಂಗಾ, ಎಣ್ಣಿ ಬಿಟ್ರ ಏನಿಲ್ಲ. ನಿಮ್ಮ ಅವ್ವಾರಿಗೂ ಕೊಡ್ರಿ” ಎಂದಳು. ಹೋಳಿಗೆ ತಿಂದ ಅವ್ವ “ತುಪ್ಪ ಇದ್ದಿದ್ದರ…” ಎಂದು ಶುರು ಮಾಡಿ, ನನ್ನ ಮುಖ ನೋಡಿ ಇನ್ನೊಂದು ಹೋಳಿಗೆ ತೆಗೆದುಕೊಂಡಳು.

ನೀಲವ್ವನಲ್ಲಿ ಒಂದೇ ಚಟ. ಯಾವ ಸುದ್ದಿಯಾದರೂ ಅವಳ ಬಾಯಿಗೆ ಬಿದ್ದರೆ ಉಪ್ಪು ಖಾರ ಹಚ್ಚಿಕೊಂಡೇ ಹೊರಗೆ ಬರುತ್ತಿತ್ತು. ನನ್ನ ಸುದ್ದಿಯೂ ಹಾಗೆಯೇ. ಹೊಸಬರು ಯಾರಾದರೂ ಬೆಂಚಿನ ಮೇಲೆ ಕೂತರೆ ನನ್ನ ಕಡೆಗೆ ಕೈ ತೋರಿಸಿ, “ನಮ್ಮ ಬಾಯಾರು ನೋಡ್ರಿ, ದೊಡ್ಡ ಡೈರ್ಯಾಗ ಅದಾರ, ಹಾಲು ಕಂಡ್ರ ಮಾರಿ ತಿರುವತಾರ. ಸ್ವಾಮಿಗೋಳಿಗೂ ಇಂಥಾ ನೇಮ ಇರಂಗಿಲ್ಲ” ಎನ್ನುತ್ತಿದ್ದಳು. ನಾನು ಮುಖ ತಿರುಗಿಸಿದ್ದು ಯಾವಾಗ? ದಿನಾ ಹಾಲಿನಲ್ಲೇ ಕೈ ಅದ್ದಿಕೊಂಡಿರುವವಳು ನಾನು. ಆದರೂ ಹೊಗಳುವವಳನ್ನು ಗದರಿಸುವುದು ಹೇಗೆಂದು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯ ಕೇಂದ್ರದಲ್ಲಿ ಹಾಲು ಕೆಟ್ಟಿತು. ಕೆಟ್ಟಿತು ಅಂದರೆ ಒಡೆಯಲಿಲ್ಲ, ನೋಡಲು ಬೆಳ್ಳಗೆ ಚೆನ್ನಾಗಿಯೇ ಇತ್ತು. ಪರೀಕ್ಷೆಯ ಹನಿ ಬಿಟ್ಟರೆ ಗುಲಾಬಿ ಬಣ್ಣಕ್ಕೆ ತಿರುಗಿತು. ಹಾಗಾದರೆ ಅದರಲ್ಲಿ ಸೋಡಾ ಪುಡಿ ಬೆರೆಸಿದ್ದಾರೆ ಎಂದರ್ಥ. ಹಳಸಲು ಹತ್ತಿದ ಹಾಲನ್ನು ತಾಜಾ ಎಂದು ದಾಟಿಸಲು ಮಾಡುವ ಕೆಲಸ ಅದು. ಇನ್ನೊಮ್ಮೆ ನೋಡಿದೆ, ಅದೇ ಬಣ್ಣ. ಊರಿನವರು ತಮ್ಮ ತಮ್ಮ ಚರಿಗೆಯಲ್ಲಿ ತಂದ ಹಾಲನ್ನು ಬೇರೆ ಬೇರೆಯಾಗಿ ನೋಡಿದೆ, ಎಲ್ಲವೂ ಸರಿಯಾಗಿತ್ತು. ಅಂದರೆ ಹಿಂದಿನ ಸಂಜೆಯ ಹಾಲು ಕೇಂದ್ರದ ಕ್ಯಾನಿನಲ್ಲಿ ಕೂತ ಮೇಲೆ ಯಾರೋ ಕೈಯಾಡಿಸಿದ್ದಾರೆ. ಕೇಂದ್ರದ ಬೀಗದ ಕೈ ಇದ್ದದ್ದು ಅದನ್ನು ನಡೆಸುವ ಸೆಕ್ರೆಟರಿ ಗೌಡರ ಸೊಂಟದಲ್ಲಿ.

“ಈ ಕ್ಯಾನುಗಳು ನಡೆಯಂಗಿಲ್ರಿ ಗೌಡ್ರ” ಎಂದೆ.

ಗೌಡರು ನಕ್ಕರು. ಒಳಗಿನಿಂದ ಚಹಾ ತರಿಸಿದರು. “ಮೊದಲ ಚಾ ಕುಡೀರಿ. ಹನಿ ಹಳೇದಾಗಿರತಾವ, ಬಣ್ಣ ಹೆಚ್ಚು ಕಡಿಮಿ ತೋರಸ್ತಾವ.”

“ನಾನು ಹಾಲಿನ ಚಾ ಕುಡಿಯಂಗಿಲ್ಲ.”

“ಹೌದೇನು?” ಎಂದು ಅವರು ಚಹಾದ ಕಪ್ಪನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. “ಹಾಲು ಕುಡಿಯಂಗಿಲ್ಲೇನು ನೀವು?”

ಆ ಕ್ಷಣ ಅವರಿಗೆ ಏನು ಸಿಕ್ಕಿತೆಂದು ನನಗೆ ಗೊತ್ತಾಗಲಿಲ್ಲ. ಅವರಿಗೆ ಗೊತ್ತಾಗಿತ್ತು. ನಾನು ಕ್ಯಾನುಗಳನ್ನು ತಿರಸ್ಕರಿಸಿ, ಸೀಸೆಯಲ್ಲಿ ಮಾದರಿ ತುಂಬಿ ವಿಜಯಪುರದ ಆಫೀಸಿಗೆ ಕಳಿಸಿ, ಮ್ಯಾನೇಜರಿಗೆ ವರದಿ ಕೊಟ್ಟೆ. ಮರುವಾರ ಹೋದರೆ ಮತ್ತೆ ಅದೇ ಗುಲಾಬಿ ಬಣ್ಣ, ಮತ್ತೆ ತಿರಸ್ಕರಿಸಿದೆ. ಅಷ್ಟರಲ್ಲಿ ಊರಿನ ತುಂಬ ಸುದ್ದಿ ಹಬ್ಬಿತ್ತು. ಈ ಹೆಂಗಸು ಹಾಲಿನ ವೈರಿ, ಹಾಲೆಂದರೆ ಹೇಸುತ್ತಾಳೆ, ನಮ್ಮ ಎಮ್ಮೆಗಳ ಹಾಲಿಗೆ ಬೇಕಂತಲೇ ಕೆಟ್ಟ ಹೆಸರು ಇಡುತ್ತಿದ್ದಾಳೆ, ಹೀಗೇ ಆದರೆ ನಾವು ಬೇರೆ ಡೈರಿಗೆ ಹಾಲು ಹಾಕುತ್ತೇವೆ. ಕೊನೆಯ ಮಾತು ಮ್ಯಾನೇಜರ ಎದೆಗೆ ನಾಟಿತು. ಕಳಿಸಿದ ಸೀಸೆಯ ಬಗ್ಗೆ ಕೇಳಿದರೆ “ಒಡೀತಂತ್ರಿ ಅದು, ಹಾದ್ಯಾಗ” ಎಂದರು, ಸೀಸೆಗಳು ಒಡೆಯುವುದಕ್ಕೇ ಇರುತ್ತವೆ ಅನ್ನುವಂತೆ.

ಆಮೇಲೆ ಕೈಗೆ ಕೆಲಸವಿಲ್ಲದ ಒಬ್ಬ ಸುಪರ್‌ವೈಜರನನ್ನು ನನ್ನ ಬೆನ್ನಿಗೆ ಬಿಟ್ಟರು. ಹಾಲು ನೋಡಲಿಕ್ಕೆ ಅಲ್ಲ, ನನ್ನ ನಾಷ್ಟಾ ನೋಡಲಿಕ್ಕೆ. ಅವನು ಇಂಡಿಯಲ್ಲಿ ಸುಸಲಾ ತಿಂದ, ಬಾಗೇವಾಡಿಯಲ್ಲಿ ತುಪ್ಪ ಹಾಕಿದ ಉಪ್ಪಿಟ್ಟು ತಿಂದ, ಸಿಂದಗಿಯಲ್ಲಿ ನೀಲವ್ವನ ಬೆಂಚಿನ ಮೇಲೆ ಕೂತು ರೊಟ್ಟಿ ಉಂಡ. ಎಲ್ಲ ಕಡೆಗೂ ಒಂದೇ ಪ್ರಶ್ನೆ. ನಮ್ಮ ಮೇಡಂ ಇಲ್ಲಿ ಏನು ತಿನ್ನುತ್ತಾರೆ, ಏನು ಬಿಡುತ್ತಾರೆ? ಕೆಟ್ಟ ದನಿಯಲ್ಲಿ ಕೇಳಿದ್ದರೆ ಒಬ್ಬರಾದರೂ ಅನುಮಾನ ಪಡುತ್ತಿದ್ದರು. ಅವನು ಗೌರವದಿಂದಲೇ ಕೇಳಿದ, ಅವರೂ ಗೌರವದಿಂದಲೇ ಹೇಳಿದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ತಿಳಿದದ್ದು ಎಲ್ಲರ ಎದುರಿಗೆ. ಒಂದು ಸೋಮವಾರ ಬೆಳಗ್ಗೆ ಮ್ಯಾನೇಜರು ನನ್ನನ್ನು ಆ ಹಳ್ಳಿಗೆ ಕರೆದುಕೊಂಡು ಹೋದರು. ಶಾಲೆಯ ಕಟ್ಟೆಯ ಮೇಲೆ ಗೌಡರು, ಅವರ ತೊಡೆಯ ಮೇಲೆ ಮೊಮ್ಮಗ, ಸುತ್ತ ಹಾಲು ಹಾಕುವವರು. ನಡುವೆ ಒಂದು ಕ್ಯಾನು. ಬರುತ್ತಿದ್ದ ಹಾಗೆಯೇ ನಾನು ಅದರಿಂದ ಒಂದಿಷ್ಟು ಹಾಲು ತೆಗೆದು ಹನಿ ಬಿಟ್ಟು ನೋಡಿದ್ದೆ, ಅದೇ ಬಣ್ಣ, ಗೌಡರದೂ ಹನಿ ಹಳೇದೆಂಬ ಅದೇ ಮಾತು. ಮಾತು ಶುರುವಾಗುವ ಮುಂಚೆ ಸುಪರ್‌ವೈಜರ ಫೋನು ತೆಗೆದು ಎತ್ತಿ ಹಿಡಿದ. ಫೋನಿನಲ್ಲಿ ನೀಲವ್ವ, ಕೈಯಲ್ಲಿ ಹಿಟ್ಟು, ಮುಖದ ತುಂಬ ನಗು.

“ನಮ್ಮ ಬಾಯಾರು ಹಾಲು ಕಂಡ್ರ ಮಾರಿ ತಿರುವತಾರ್ರಿ. ಒಂದು ಹನಿ ಮುಟ್ಟಂಗಿಲ್ಲ. ಮೊಸರಿಲ್ಲ, ತುಪ್ಪಿಲ್ಲ. ಇಷ್ಟ ವರ್ಷ ಹಾಲು ಪರೀಕ್ಷಾ ಮಾಡ್ಯಾರ, ಹಾಲಿನಾಗ ಏನೈತಿ ಅನ್ನೂದು ಅವರಿಗೇ ಗೊತ್ತು ಬಿಡ್ರಿ!”

ಇಷ್ಟ ವರ್ಷವಂತೆ. ನಾನು ಸೇರಿ ಒಂದು ವರ್ಷ ತುಂಬಿರಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಲೆ ಗುಜುಗುಜು ಮಾಡಿದರು. ಗೌಡರು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಪ್ರೀತಿಯಿಂದ ರೊಟ್ಟಿ ಬಡಿದು ಹಾಕಿದವಳಿಗೆ ಏನು ಉತ್ತರ ಕೊಡಲಿ?

“ಹಾಲಿನ ಬಗ್ಗೆ ಮನಸಿನ್ಯಾಗ ಹೇಸಿಕಿ ಇಟ್ಟುಕೊಂಡವರು ಹಾಲಿನ ಪರೀಕ್ಷಾ ಹೆಂಗ ಮಾಡ್ತೀರಿ ನೀವು?” ಎಂದರು ಮ್ಯಾನೇಜರು.

“ಸಾರಾಯಿ ಹಿಡಿಯೋ ಪೊಲೀಸರು ಸಾರಾಯಿ ಕುಡಿದೇ ಹಿಡೀಬೇಕೇನ್ರಿ ಸರ?” ಎಂದೆ. ಯಾರೋ ನಕ್ಕರು. ಮ್ಯಾನೇಜರು ನಗಲಿಲ್ಲ.

ಆಗ ಎಮ್ಮೆ ಸಾಕಿದ ಮುದುಕರೊಬ್ಬರು ಎದ್ದರು. ಅವರ ಹಾಲನ್ನು ನಾನು ಬೇರೆಯಾಗಿ ನೋಡಿದ್ದೆ, ಇಡೀ ಊರಿನಲ್ಲಿ ಅದೇ ಒಳ್ಳೆಯ ಹಾಲು. “ನಮ್ಮಲ್ಲಿ ತಂಟೆ ಹರೀಬೇಕಂದ್ರ ಇಬ್ಬರೂ ಹಾಲು ಕುಡಿದು ಮಾತು ಹೇಳ್ತಾರ್ರಿ ಅವ್ವಾರ. ಹಾಲು ಬಾಯಾಗ ಇದ್ದಾಗ ಸುಳ್ಳ ಹೇಳಬಾರದು ಅನ್ನೂದು ನಮ್ಮ ಹಿರ್‍ಯಾರ ಪದ್ಧತಿ. ನೀವು ಒಂದ ಗುಟುಕು ಕುಡೀರಿ, ಕುಡಿದು ಈ ಹಾಲಿನಾಗ ಕಲಬೆರಕಿ ಐತಿ ಅನ್ರಿ. ನಾವು ನಂಬ್ತೇವಿ.”

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಹಾಗಾಗಿಯೇ ಅದರಿಂದ ಪಾರಾಗಲು ದಾರಿ ಇರಲಿಲ್ಲ. ಗೌಡರು ಕ್ಯಾನಿನಿಂದ ಒಂದು ಗ್ಲಾಸು ತುಂಬಿ ನನ್ನ ಮುಂದೆ ಹಿಡಿದೇಬಿಟ್ಟರು. ಕುಡಿದರೆ, ಸೋಡಾ ಹಾಕಿದ ಹಾಲನ್ನು ಮೇಡಮ್ಮೇ ಕುಡಿದರಲ್ಲ, ಇನ್ನೇನು ಕೆಟ್ಟಿದೆ ಎನ್ನುತ್ತಾರೆ. ಕುಡಿಯದಿದ್ದರೆ, ನೋಡಿದಿರಾ, ಹಾಲಿನ ವೈರಿ ಎನ್ನುತ್ತಾರೆ. ಮ್ಯಾನೇಜರು ನನ್ನ ಕಿವಿಯ ಹತ್ತಿರ ಬಂದು, “ಕುಡಿದ ಬಿಡ್ರಿ, ಯುಗಾದಿಗೆ ನಿಮ್ಮ ಕೆಲಸ ಕಾಯಂ ಮಾಡೂದು ನನ್ನ ಕಡೆ” ಎಂದರು. ಅವ್ವನ ಹರಕೆಗಳೆಲ್ಲ ಕಣ್ಣ ಮುಂದೆ ಬಂದವು. ಗ್ಲಾಸಿನಲ್ಲಿ ನೊರೆ ಇನ್ನೂ ಆರಿರಲಿಲ್ಲ.

“ಮೊದಲ ನೀವು ಕುಡೀರಿ ಸರ” ಎಂದೆ ಮ್ಯಾನೇಜರಿಗೆ.

“ನಂದು ಸೋಮವಾರ ಉಪವಾಸ.”

“ಉಪವಾಸಕ್ಕ ಹಾಲು ನಡೀತದಲ್ರಿ.”

“ನಂದು ಬರೇ ನೀರಿನ ಉಪವಾಸ” ಎಂದರು. ಬರುವಾಗ ದಾರಿಯಲ್ಲಿ ಅವರು ಅವಲಕ್ಕಿ ತಿಂದದ್ದನ್ನು ನಾನು ನೋಡಿದ್ದೆ.

ನನಗೆ ಸಿಟ್ಟು ನೆತ್ತಿಗೇರಿತು. ಗೌಡರ ಕಡೆಗೆ ತಿರುಗಿ, “ಹಂಗಾರ ನಿಮ್ಮ ಮೊಮ್ಮಗಗ ಕುಡಸ್ರಿ ಗೌಡ್ರ. ಇದೇ ಕ್ಯಾನಿನ ಹಾಲು. ಆತ ಕುಡಿದ ಮ್ಯಾಲೆ ನಾನೂ ಕುಡೀತೇನಿ, ನನ್ನ ನೇಮ ಹೋದ್ರ ಹೋಗಲಿ” ಎಂದೆ.

ಗೌಡರ ಕೈ ತಾನಾಗಿಯೇ ಮಗುವಿನ ಬಾಯಿಗೆ ಅಡ್ಡ ಬಂತು. “ಅದಕ್ಕ ಮನ್ಯಾನ ಎಮ್ಮಿ ಹಾಲೇ ರೂಢಿ. ಕೇಂದ್ರದ ಹಾಲು ಒಗ್ಗಂಗಿಲ್ಲ” ಎಂದರು.

ಎಲ್ಲರೂ ಕೇಳಿದರು. ಆ ಮುದುಕರು ಕ್ಯಾನನ್ನೇ ನೋಡುತ್ತ ನಿಂತರು. ಇನ್ನೊಬ್ಬರು ಗೌಡರ ಸೊಂಟದ ಬೀಗದ ಕೈ ನೋಡಿದರು. ಅಲ್ಲಿದ್ದ ಒಬ್ಬರಿಗೂ ಅರ್ಥವಾಗದೆ ಉಳಿಯಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಒಬ್ಬರಾದರೂ ಬಾಯಿ ತೆರೆಯುತ್ತಾರೆಂದು ಕಾದೆ. ಗೌಡರೇ ಮೊದಲು ಚೇತರಿಸಿಕೊಂಡರು. “ದೊಡ್ಡೋರ ಮಾತಿನ್ಯಾಗ ಹಾಲುಗಲ್ಲದ ಕೂಸಿನ್ನ ಯಾಕ ತರ್ತೀರಿ? ಕೂಸಿಗೆ ಏನರೆ ಆದ್ರ?” ಎಂದು ಗದರಿದರು. ಅಷ್ಟೇ ಸಾಕಾಯಿತು. ಹೌದ್ರಿ, ಕೂಸಿನ್ನ ತರಬಾರದಿತ್ತು, ತಪ್ಪು ಅದು, ಭಾಳ ತಪ್ಪು ಎಂದು ಎಲ್ಲರಿಗೂ ಒಮ್ಮೆಲೆ ದನಿ ಬಂತು. ಏನರೆ ಆದ್ರ ಎಂದು ಅವರೇ ಹೇಳಿದರಲ್ಲ, ಒಳ್ಳೆಯ ಹಾಲು ಕುಡಿದರೆ ಕೂಸಿಗೆ ಏನಾಗುತ್ತದೆ ಎಂದು ಕೂಗಿದೆ. ನನ್ನ ಕೂಗು ಗದ್ದಲದಲ್ಲಿ ಹೋಯಿತು. ಗ್ಲಾಸಿನ ಹಾಲನ್ನು ಗೌಡರು ಮತ್ತೆ ಕ್ಯಾನಿಗೇ ಸುರಿದರು. ಕ್ಯಾನು ಗಾಡಿ ಹತ್ತಿತು.

ಶಿವರಾತ್ರಿಗೆ ಮುಂಚೆಯೇ ನನ್ನ ಕೆಲಸ ಹೋಯಿತು. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೇವರ ಮುಂದೆ ಪಂಚಾಮೃತದ ಬಟ್ಟಲು ಇಡಲು ಬಂದವಳು ತಿರುಗಿ ಒಳಗೆ ಹೋಗಿ ಹಾಲಿನ ಪಾಕೀಟು ಮೂಸಿ ಬಂದಳು. ಅಷ್ಟು ಮಾತ್ರ ಕಂಡೆ.

ಸಿಂದಗಿಗೆ ಹೋಗುವ ಕಾರಣ ಇನ್ನು ಉಳಿದಿರಲಿಲ್ಲ. ಆದರೂ ಹೋದೆ. ಜಗಳ ಮಾಡಲೆಂದೇ ಹೋದೆ. ನೀಲವ್ವನಿಗೆ ಅನ್ನಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಒಂದೊಂದಾಗಿ ಜೋಡಿಸಿಕೊಂಡೆ. ಜೋಳದ ರಾಶಿಯ ಕಾಲ ಬಂದಿತ್ತು, ಬಿಸಿಲು ಆಗಲೇ ಚುಚ್ಚುತ್ತಿತ್ತು.

“ಬರ್‍ರಿ ಬರ್‍ರಿ ಬಾಯಾರ! ಎಲ್ಲಿ ಹೋಗಿದ್ರಿ ಇಷ್ಟ ದಿನ? ಸೊರಗೀರಲ್ಲ!” ಎಂದು ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಬಾಯಿ ತೆರೆಯುವ ಮುಂಚೆಯೇ ಫೋನು ಹಿಡಿದು ತೋರಿಸಿದಳು. “ನೋಡ್ರಿ, ನಾನು ನಿಮ್ಮ ಬಗ್ಗೆ ಎಷ್ಟ ಚೊಲೋ ಮಾತಾಡೇನಿ. ಊರ ತುಂಬ ಹರದಾಡೈತಿ. ಕಂಡಕ್ಟರಗೋಳೂ ನೋಡ್ಯಾರ. ನಿಮ್ಮ ಡೈರ್‍ಯಾವರ ಬಂದು ಕೇಳಿಕೊಂಡ ಹೋದ್ರು. ಬಡ್ತಿ ಕೊಡಾಕ ಕೇಳ್ತಾರಂತ ತಿಳದೆ. ಆತೇನ್ರಿ ಬಡ್ತಿ?”

“ನೌಕರಿ ಹೋತು ನೀಲವ್ವ. ಇದರಿಂದನ ಹೋತು.”

ಅವಳ ನಗು ನಿಂತಿತು. ನಾನು ಎಲ್ಲ ಹೇಳಿದೆ. ಸೋಡಾ, ಗುಲಾಬಿ ಬಣ್ಣ, ಕಟ್ಟೆ, ಗ್ಲಾಸು. ಅವಳು ಒಲೆಯ ಮೇಲಿನ ರೊಟ್ಟಿ ಸೀಯುವ ತನಕ ಕೇಳಿದಳು. ಜೋಡಿಸಿಕೊಂಡು ಬಂದ ಬಿರುಸು ಮಾತೊಂದೂ ನನ್ನ ಬಾಯಿಂದ ಬರಲಿಲ್ಲ.

“ನಾ ಏನ ಸುಳ್ಳ ಹೇಳಿದೆನ್ರಿ ಬಾಯಾರ?” ಎಂದಳು ಕೊನೆಗೆ, ಅಳುವ ದನಿಯಲ್ಲಿ. “ನೀವು ಹಾಲು ಕುಡಿಯಂಗಿಲ್ಲ ಅಂದೆ. ಕುಡಿಯಂಗಿಲ್ಲಲ್ಲ?”

“ಇಲ್ಲ” ಎಂದೆ.

ಅವಳು ಸೀದ ರೊಟ್ಟಿ ತೆಗೆದು ಬದಿಗಿಟ್ಟು, ಹೊಸದೊಂದು ಬಡಿದು ನನ್ನ ತಾಟಿಗೆ ಹಾಕಿದಳು. ಪಕ್ಕದ ಬೆಂಚಿನ ಮೇಲೆ ಒಬ್ಬಳು ಹೆಂಗಸು ಸಣ್ಣ ಮಗಳನ್ನು ಕರೆದುಕೊಂಡು ಕಲಬುರಗಿ ಬಸ್ಸಿಗೆ ಕಾಯುತ್ತಿದ್ದಳು. ಮಗು ರೊಟ್ಟಿ ಒಲ್ಲೆನೆಂದು ಹಟ ಮಾಡುತ್ತಿತ್ತು. “ಕೂಸಿಗೆ ಒಂದ ಗ್ಲಾಸ ಹಾಲರೆ ಕಾಸಿ ಕೊಡ್ರಿ” ಎಂದಳು ತಾಯಿ. ನೀಲವ್ವ ಪಾಕೀಟು ಕತ್ತರಿಸಿ ಪಾತ್ರೆಗೆ ಸುರಿದಳು. ಆ ಪಾಕೀಟಿನ ಬಣ್ಣ ನನಗೆ ಗೊತ್ತಿತ್ತು. ಹೆಚ್ಚುಕಡಿಮೆ ಒಂದು ವರ್ಷ ಅದರದೇ ಅನ್ನ ಉಂಡಿದ್ದೆ.

ಬಿಸಿ ಗ್ಲಾಸು ಬೆಂಚಿನ ಮೇಲೆ ಬಂದು ಕೂತಿತು. ನನಗೆ ತಡೆಯಲಾಗಲಿಲ್ಲ.

“ಅಕ್ಕಾರ, ಆ ಹಾಲು ಕುಡಸಬ್ಯಾಡ್ರಿ. ಅದರಾಗ ಸೋಡಾ ಕೂಡಸ್ತಾರ. ನಾನೇ ಪರೀಕ್ಷಾ ಮಾಡಿ ನೋಡೇನಿ.”

ತಾಯಿಯ ಕೈ ನಿಂತಿತು. ಅವಳು ಗಾಬರಿಯಾಗಿ ನನ್ನನ್ನು ನೋಡಿದಳು, ಆಮೇಲೆ ನೀಲವ್ವನನ್ನು ನೋಡಿದಳು. ಬೆಂಚಿನ ಮೇಲಿದ್ದ ಇನ್ನಿಬ್ಬರು ಚಹಾದ ಕಪ್ಪು ಕೆಳಗಿಟ್ಟರು. ನೀಲವ್ವ ನನ್ನ ಕಡೆಗೆ ನೋಡಲಿಲ್ಲ.

“ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ” ಎಂದಳು ತಾಯಿಗೆ, ಮೆಲುದನಿಯಲ್ಲಿ. “ಅವರು ಮೊದಲಿಂದ ಹಾಲು ಕುಡಿಯಂಗಿಲ್ಲ.”

“ಹೌದೇನ್ರಿ?” ಎಂದು ತಾಯಿ ನನ್ನನ್ನೇ ಕೇಳಿದಳು. “ನೀವು ಹಾಲು ಕುಡಿಯಂಗಿಲ್ಲೇನ್ರಿ?”

“ಕುಡಿಯಂಗಿಲ್ಲ” ಎಂದೆ.

“ಹಂಗಂತೀರಿ!” ಎಂದು ಅವಳು ನಿರಾಳವಾಗಿ ನಕ್ಕಳು. ಸಕ್ಕರೆ ಕಲಕಿ, ಊದಿ ಆರಿಸಿ, ಗ್ಲಾಸನ್ನು ಮಗಳ ಬಾಯಿಗೆ ಹಿಡಿದಳು.